ಕುಳ್ಳಯ್ಯನ ಡ್ಯೂಟಿ ಪಟ್ಟಿ

ಹುಟ್ಟಿದಾಗ ಕುಳ್ಳಯ್ಯ ಮೊರದ ಒಂದು ಮೂಲೆಯಲ್ಲಿ ಹಿಡಿಸುವಷ್ಟೇ ಇದ್ದನಂತೆ. ಉಳಿಯುವುದು ಅನುಮಾನ ಎಂದುಕೊಂಡ ಅಜ್ಜಿ ಹೆಚ್ಚು ಯೋಚಿಸದೆ ಕಂಡದ್ದನ್ನೇ ಹೆಸರಾಗಿ ಇಟ್ಟುಬಿಟ್ಟಳು. ಇಪ್ಪತ್ತು ತುಂಬುವ ಹೊತ್ತಿಗೆ ಅವನು ಆರಡಿ ಒಂದಂಗುಲ ಬೆಳೆದು ನಿಂತ. ಕರಿಘಟ್ಟದ ಬುಡದ ಅವನ ಊರಿನಲ್ಲಿ ಅಷ್ಟೆತ್ತರದವರು ಇನ್ನೊಬ್ಬರಿರಲಿಲ್ಲ. ಹೆಸರು ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅವನಿಗೂ ಅನ್ನಿಸಲಿಲ್ಲ. ಯೂನಿಫಾರಂ ಹೊಲಿಯುವ ದರ್ಜಿ ಮಾತ್ರ ಹೆಸರನ್ನು ನಂಬಿ ಬಟ್ಟೆ ಕತ್ತರಿಸುತ್ತಾನೇನೋ, ಮೂವತ್ತು ವರ್ಷಗಳಿಂದ ಕುಳ್ಳಯ್ಯನ ಪ್ಯಾಂಟು ಪಾದಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಂತಿದೆ.

ಅವನಿಗೆ ಮೊದಲ ಕೆಲಸ ಸಿಕ್ಕಿದ್ದು ಶ್ರೀರಂಗಪಟ್ಟಣದ ಒಂದು ಟೆಂಟ್ ಸಿನಿಮಾದ ಗೇಟಿನಲ್ಲಿ. ಯಾರು ಟಿಕೆಟ್ಟಿಲ್ಲದೆ ನುಗ್ಗುತ್ತಾರೆ, ಯಾರು ನುಗ್ಗುವವರಂತೆ ಕಂಡರೂ ನುಗ್ಗುವುದಿಲ್ಲ ಎಂದು ಮುಖ ನೋಡಿ ಹೇಳುವುದನ್ನು ಅವನು ಅಲ್ಲಿ ಕಲಿತ. ಟೆಂಟು ಎತ್ತಿದ ವರ್ಷವೇ, ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಹವಾಲ್ದಾರರೊಬ್ಬರು ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆ ಹಿಡಿದು ‘ಲೋಕಪಾವನಿ ಸೆಕ್ಯೂರಿಟಿ ಸರ್ವಿಸ್’ ಎಂದು ಬೋರ್ಡು ಹಾಕಿದರು. ಮೊದಲು ಸೇರಿದ ಆರು ಜನ ಕಾವಲುಗಾರರಲ್ಲಿ ಕುಳ್ಳಯ್ಯನೂ ಒಬ್ಬ. ಹವಾಲ್ದಾರರು ತೀರಿಕೊಂಡು ಅವರ ಮಗ ಧರ್ಮೇಂದ್ರ ಮಾಲೀಕನಾಗುವ ಹೊತ್ತಿಗೆ ಕಾವಲುಗಾರರು ಅರವತ್ತನಾಲ್ಕಾಗಿದ್ದರು, ಕುಳ್ಳಯ್ಯ ಅವರೆಲ್ಲರ ಸೂಪರ್‌ವೈಸರ್ ಆಗಿದ್ದ.

ಶ್ರೀರಂಗಪಟ್ಟಣದಲ್ಲಿ ಎರಡು ಕಲ್ಯಾಣ ಮಂಟಪ, ಪಾಂಡವಪುರದಲ್ಲಿ ಅಕ್ಕಿ ಗಿರಣಿ, ನಾಗಮಂಗಲದಲ್ಲಿ ಗೋಡೌನು, ಕೆ.ಆರ್. ಪೇಟೆಯಲ್ಲಿ ಒಂದು ಕಾಲೇಜು ಮತ್ತು ಎಳನೀರನ್ನು ಡಬ್ಬಕ್ಕೆ ತುಂಬುವ ದೊಡ್ಡ ಕಂಪನಿ. ಹೀಗೆ ನಾಲ್ಕು ತಾಲ್ಲೂಕುಗಳ ಗೇಟುಗಳನ್ನು ಅವನು ತನ್ನ ಮೊಪೆಡ್ಡಿನಲ್ಲಿ ಸುತ್ತುತ್ತಿದ್ದ. ಯಾರು ಎಲ್ಲಿ ಯಾವ ಹೊತ್ತಿಗೆ ನಿಲ್ಲಬೇಕು ಎಂಬ ಪಟ್ಟಿ ಅವನ ತಲೆಯಲ್ಲಿತ್ತು. ಹಸು ಕಟ್ಟಿದವನಿಗೆ ಡೈರಿಗೆ ಹಾಲು ಹಾಕಿ ಬರುವಷ್ಟು ಸಮಯ ಬಿಟ್ಟು ಡ್ಯೂಟಿ ಹಾಕುತ್ತಿದ್ದ. ಕಾಲು ಊದುವವನಿಗೆ ಕುರ್ಚಿಯಿರುವ ಗೇಟು. ಬಾರು ಕಣ್ಣಿಗೆ ಬೀಳುವ ಗೇಟಿಗೆ ಯಾರನ್ನು ಹಾಕಬಾರದು ಎಂಬುದು ಅವನಿಗೂ ಆ ಮನುಷ್ಯನ ಹೆಂಡತಿಗೂ ಮಾತ್ರ ಗೊತ್ತಿರುತ್ತಿತ್ತು. ಎಳನೀರು ಕಂಪನಿಗೆ ಅವನು ಹಾಕಿದ್ದ ಹದಿಮೂರು ಜನರೂ ನಾಗಮಂಗಲದ ಕಡೆಯ ಒಂದೇ ಊರಿನವರು. ಒಂದೇ ಆಟೋದಲ್ಲಿ ಬರುತ್ತಾರೆ, ಒಬ್ಬ ತಡವಾದರೆ ಉಳಿದವರೇ ಎಬ್ಬಿಸಿಕೊಂಡು ಬರುತ್ತಾರೆ ಎಂಬುದು ಅವನ ಲೆಕ್ಕ.

ಆ ಕಂಪನಿಯಿಂದಲೇ ಬದಲಾವಣೆ ಶುರುವಾಯಿತು. ಇನ್ನು ಮುಂದೆ ಕಾವಲುಗಾರರ ಹಾಜರಿ ಪುಸ್ತಕದಲ್ಲಿ ನಡೆಯುವುದಿಲ್ಲ, ಬೆಂಗಳೂರಿನಲ್ಲಿ ಕುಳಿತೇ ನೋಡುವಂತಿರಬೇಕು ಎಂದು ಅವರು ಕಾಗದ ಕಳಿಸಿದರು. ಧರ್ಮೇಂದ್ರ ಒಂದು ಸಾಫ್ಟ್‌ವೇರ್ ಕೊಂಡುಕೊಂಡ. ಅದನ್ನು ಕಲಿಸಿಕೊಡಲು ಮೈಸೂರಿನಿಂದ ಸ್ನೇಹ ಎಂಬ ಹೆಣ್ಣುಮಗಳು ಬಂದಳು. ಗೊಬ್ಬರದ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದೇ ಮೆಟ್ಟಿಲು ಹತ್ತಿದರೂ, ಕುಳ್ಳಯ್ಯನನ್ನು ಕಂಡ ಕೂಡಲೇ ಅದನ್ನು ಕೆಳಗಿಳಿಸಿ ನಮಸ್ಕಾರ ಮಾಡಿದಳು.

ಕಾವಲುಗಾರ ಗೇಟಿಗೆ ಬಂದ ಕೂಡಲೇ, ಆಮೇಲೆ ಮತ್ತೆ ಮೂರು ಸಲ, ಮೊಬೈಲಿನಲ್ಲಿ ತನ್ನ ಫೋಟೋ ತೆಗೆದುಕೊಳ್ಳಬೇಕು. ನಕ್ಷೆಯಲ್ಲಿ ಆ ಗೇಟಿನ ಸುತ್ತ ಒಂದು ವೃತ್ತ ಎಳೆದಿರುತ್ತದೆ. ವೃತ್ತದ ಒಳಗಿದ್ದರೆ ಅವನ ಹೆಸರಿನ ಮುಂದೆ ಹಸಿರು ಚುಕ್ಕಿ, ಹೊರಗಿದ್ದರೆ ಕೆಂಪು. ಯಾರಿಗೆ ಎಲ್ಲಿ ಡ್ಯೂಟಿ ಎಂಬುದನ್ನೂ ಸಾಫ್ಟ್‌ವೇರೇ ಹಾಕುತ್ತದೆ. ಇಷ್ಟನ್ನು ಸ್ನೇಹ ಬಿಡಿಸಿ ಹೇಳಿದಳು.

ಕುಳ್ಳಯ್ಯ ಗಮನವಿಟ್ಟು ಕೇಳಿ, “ಇದೆಲ್ಲಾ ಎಲ್ಲಿರ್ತದೆ ಕಣವ್ವಾ?” ಎಂದ.

“ಕ್ಲೌಡ್‌ನಲ್ಲಿ ಸರ್.”

“ಅದು ಯಾವೂರು?”

ಸ್ನೇಹ ಪ್ರಾಮಾಣಿಕಳು. “ಮುಂಬೈ ಹತ್ತಿರ ಎಲ್ಲೋ ಒಂದು ದೊಡ್ಡ ಕಟ್ಟಡ ಇದೆ ಸರ್. ಅಲ್ಲಿ ಸಾವಿರಾರು ಕಂಪ್ಯೂಟರ್ ಇಟ್ಟಿರುತ್ತಾರೆ. ಎಲ್ಲರ ಮಾಹಿತಿಯೂ ಅಲ್ಲಿರುತ್ತೆ.”

“ಆ ಕಟ್ಟಡಕ್ಕೆ ಸೆಕ್ಯೂರಿಟಿ ಅವ್ರಾ?”

“ಇರಲೇಬೇಕಲ್ಲ ಸರ್. ಬಹಳ ಬಿಗಿಯಾದ ಕಾವಲು ಅಂತ ಕೇಳಿದ್ದೀನಿ.”

“ಅಂಗಾರೆ ಅಲ್ಲೂ ಬದ್ಲಿ ಆಳು ಬರ್ನಿಲ್ಲ ಅಂದ್ರೆ ಒಬ್ಬ ಸೂಪ್ರವೈಜರು ಫೋನ್ ಇಡ್ಕಂಡು ಒದ್ದಾಡ್ತಾ ಇರ್ತಾನೆ ಅನ್ನಿ.”

ಸ್ನೇಹ ನಕ್ಕು ಲ್ಯಾಪ್‌ಟಾಪು ತೆರೆದಳು. ಕುಳ್ಳಯ್ಯನಿಗೆ ಮಾತ್ರ ಸ್ವಲ್ಪ ಧೈರ್ಯ ಬಂತು. ಮುಂಬೈ ಹತ್ತಿರ ತನ್ನಂಥವನೊಬ್ಬ ಇರುವ ತನಕ ಈ ವ್ಯವಹಾರ ತೀರಾ ಕೆಡಲಾರದು ಎಂದುಕೊಂಡ.

ಎರಡು ದಿನ ಅವನು ಹೇಳಿದ, ಅವಳು ಟೈಪು ಮಾಡಿದಳು. ಹೆಸರು, ವಯಸ್ಸು, ಊರು, ಗೇಟು ಎಲ್ಲಕ್ಕೂ ಜಾಗವಿತ್ತು. “ಸಂತೋಷನ್ನೂ ಅವ್ನ ಭಾವಮೈದನ್ನೂ ಒಂದ್ಕಡೆ ಹಾಕ್ಬೇಡಿ” ಎಂದಾಗ ಸ್ನೇಹ ಕಾರಣ ಕೇಳಿದಳು. ಬಾವಿಯ ಪಾಲಿನ ವಿಚಾರದಲ್ಲಿ ಇಬ್ಬರಿಗೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಸಾಫ್ಟ್‌ವೇರಿನಲ್ಲಿ ಅನಾರೋಗ್ಯ, ಅಶಿಸ್ತು, ಇತರೆ ಎಂಬ ಮೂರೇ ಕಾರಣಗಳಿದ್ದವು. ಬಾವಿ ‘ಇತರೆ’ಗೆ ಹೋಯಿತು. ಹಸು, ಊದಿದ ಕಾಲು, ಬಾರು ಎಲ್ಲವೂ ಅಲ್ಲಿಗೇ ಹೋದವು. ಎರಡನೆಯ ದಿನ ಸಂಜೆ ನೋಡಿದರೆ ಕುಳ್ಳಯ್ಯನ ಮೂವತ್ತು ವರ್ಷದ ವಿದ್ಯೆಯೆಲ್ಲ ಒಂದೇ ಪದದ ಕೆಳಗೆ ಬಂದು ಕುಳಿತಿತ್ತು, ಆ ಪದವನ್ನು ಸಾಫ್ಟ್‌ವೇರು ಓದುವುದಿಲ್ಲ ಎಂಬುದೂ ಆಮೇಲೆ ತಿಳಿಯಿತು.

ಅರವತ್ತು ದಾಟಿದವರ ವಯಸ್ಸನ್ನು ಅದು ಒಪ್ಪಲೇ ಇಲ್ಲ. ಅಂಥವರು ಆರು ಜನ, ಎಲ್ಲರೂ ಕೆ.ಆರ್. ಪೇಟೆಯವರು. ಅವರಲ್ಲಿ ಹಿರಿಯ ಕರಿಯಪ್ಪ, ಹವಾಲ್ದಾರರ ಕಾಲದಿಂದ ಇದ್ದವನು. “ನೀವೇ ಓಗಿ ಒಂದು ಮಾತು ಏಳ್ಬುಡಿ ಕುಳ್ಳಯ್ಯಣ್ಣ” ಎಂದು ಧರ್ಮೇಂದ್ರ ಆ ಕೆಲಸವನ್ನು ಅವನಿಗೇ ವಹಿಸಿದ. ಕುಳ್ಳಯ್ಯ ಕರಿಯಪ್ಪನ ಮನೆಯ ಜಗಲಿಯಲ್ಲಿ ಕುಳಿತು ಎರಡು ಸಲ ಕಾಫಿ ಕುಡಿದು, ಮೂರನೆಯ ಸಲ ಲೋಟ ಕೈಗೆ ಬಂದಾಗ ಹೇಳಿದ.

ಕರಿಯಪ್ಪ ಮೀಸೆ ಸವರಿಕೊಂಡು, “ನಂಗೆ ವಯಸ್ಸಾಯ್ತು ಅಂತ ಯಾರ್ಲಾ ಅಂದೋರು?” ಎಂದ.

“ಯಾರೂ ಅನ್ನಿಲ್ಲ ಕಣಣ್ಣ. ಟೈಪು ಮಾಡುದ್ರೆ ತಕ್ಕೊಳಾಕಿಲ್ಲ ಅಂತದೆ.”

ಯೂನಿಫಾರಂ ವಾಪಸು ಕೇಳಲು ಕುಳ್ಳಯ್ಯನಿಗೆ ಬಾಯಿ ಬರಲಿಲ್ಲ. ಕರಿಯಪ್ಪನೂ ಕೊಡಲಿಲ್ಲ.

ಮೊದಲ ತಿಂಗಳೇ ತೊಣ್ಣೂರಿನ ಸಮಸ್ಯೆ ಬಂತು. ಕೆರೆಯ ದಡದಲ್ಲಿ ಮೈಸೂರಿನ ವೈದ್ಯರೊಬ್ಬರ ತೋಟದ ಮನೆಯಿದೆ. ಅಲ್ಲಿಯ ಕಾವಲುಗಾರ ನರಸಯ್ಯ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. ಅವನ ಹೆಸರಿನ ಮುಂದೆ ಮೊದಲ ವಾರವಿಡೀ ಕೆಂಪು ಚುಕ್ಕಿಯೇ ಇತ್ತು. ಎರಡನೆಯ ವಾರದಿಂದ ಒಂದು ಹೊತ್ತೂ ತಪ್ಪದೆ ಹಸಿರು. ಏನು ಬದಲಾಯಿತು ನೋಡೋಣವೆಂದು ಕುಳ್ಳಯ್ಯ ಮೊಪೆಡ್ಡು ಹತ್ತಿದ. ತೋಟದ ಗೇಟಿನಲ್ಲಿ ಯಾರೂ ಇರಲಿಲ್ಲ. ಕೂಗಿದರೆ ಕೆರೆಯ ಕಡೆಯಿಂದ “ಓ” ಎಂಬ ದನಿ ಬಂತು. ನೀರಿನ ನಡುವೆ ಮೀನು ಹಿಡಿಯುವ ಮರಿಸ್ವಾಮಿಯ ತೆಪ್ಪ. ಅದರಲ್ಲಿ ಟೋಪಿ, ಬೆಲ್ಟು, ಸೀಟಿ ಸಮೇತ ನರಸಯ್ಯ ಸೆಟೆದು ಕುಳಿತು ಮೊಬೈಲನ್ನು ಮುಖದ ಮುಂದೆ ಹಿಡಿದಿದ್ದ.

ದಡಕ್ಕೆ ಬಂದ ಮೇಲೆ ನರಸಯ್ಯ ವಿವರಿಸಿದ. “ಸಾಫ್ಟ್‌ವೇರ್ನೋರು ನಕ್ಸೆ ಮೇಲೆ ಗುರ್ತು ಹಾಕ್ವಾಗ ಕೈ ಜಾರದೆ ಕಣಣ್ಣ. ನನ್ ಡ್ಯೂಟಿ ಜಾಗ ಕೆರೆ ಒಳಿಕ್ಕೆ ಬಿದ್ಬುಟ್ಟದೆ. ದಿನಕ್ಕೆ ನಾಕು ಸಲ ಅಲ್ಲಿಗಂಟ ಓಗಿ ಬತ್ತೀನಿ.”

“ನೀನು ಓದಾಗ ಗೇಟು ಯಾರ್ಲಾ ನೋಡೋರು?”

“ಅದುನ್ನ ಮೊಬೈಲು ಕೇಳಾಕಿಲ್ಲ ಕಣಣ್ಣ.”

ಕುಳ್ಳಯ್ಯ ಸ್ನೇಹಳಿಗೆ ಫೋನು ಮಾಡಿದ. ಅವಳು ದೂರನ್ನು ದಾಖಲಿಸಿಕೊಂಡು ಹನ್ನೊಂದು ಅಂಕಿಯ ಒಂದು ನಂಬರು ಕೊಟ್ಟಳು. ಅದು ಸರಿಯಾಗುವುದರೊಳಗೆ ತಿಂಗಳ ವರದಿ ಬಂತು. ಕಲಿಯುವ ವಾರವೆಂದು ಮೊದಲ ವಾರವನ್ನು ಅದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅರವತ್ತನಾಲ್ಕರಲ್ಲಿ ಉಳಿದಿದ್ದ ಐವತ್ತೆಂಟು ಕಾವಲುಗಾರರ ಪೈಕಿ ಒಂದು ಹಾಜರಿಯೂ ತಪ್ಪದವನು ನರಸಯ್ಯ ಒಬ್ಬನೇ. ಅವನಿಗೆ ‘ತಿಂಗಳ ಅತ್ಯುತ್ತಮ ಕಾವಲುಗಾರ’ ಎಂಬ ಸರ್ಟಿಫಿಕೇಟು ಬಂತು. ಧರ್ಮೇಂದ್ರ ಅದಕ್ಕೆ ಚೌಕಟ್ಟು ಹಾಕಿಸಿ ಕೊಟ್ಟ. ಒಂದೂವರೆ ತಿಂಗಳ ಮೇಲೆ ಸಾಫ್ಟ್‌ವೇರಿನವರು ಗುರುತನ್ನು ಸರಿಯಾಗಿ ಗೇಟಿನ ಮೇಲೆ ತಂದು ನಿಲ್ಲಿಸಿದರು. ಆ ಗೇಟಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನರಸಯ್ಯನ ಚುಕ್ಕಿ ಮತ್ತೆ ಕೆಂಪಾಯಿತು. ಅವನು ಕುಳ್ಳಯ್ಯನ ಕೈ ಹಿಡಿದು, “ಅಣ್ಣ, ಎಂಗಾರ ಮಾಡಿ ವಾಪಸ್ ಕೆರೆಗೇ ಹಾಕ್ಸ್‌ಕೊಡಣ್ಣ. ಅಲ್ಲಿ ಫುಲ್ ನೆಟ್‌ವರ್ಕು” ಎಂದು ಬೇಡಿಕೊಂಡ.

ಅದೇ ವರದಿಯಲ್ಲಿ ಕುಳ್ಳಯ್ಯನದೂ ಒಂದು ಪುಟವಿತ್ತು. ಅವನ ಮೊಬೈಲೂ ನಕ್ಷೆಯ ಮೇಲೆ ಚಲಿಸುತ್ತಿತ್ತಲ್ಲ, ಅದರ ಪ್ರಕಾರ ಅವನು ದಿನಕ್ಕೆ ಮೂರು ಗಂಟೆ ಹತ್ತು ನಿಮಿಷ ‘ಚಟುವಟಿಕೆ ಇಲ್ಲದೆ’ ಕಳೆಯುತ್ತಿದ್ದ. ಅವು ಅವನು ಗೇಟುಗಳ ಪಕ್ಕದ ಟೀ ಅಂಗಡಿಗಳಲ್ಲಿ ಕಾವಲುಗಾರರ ಜೊತೆ ಕುಳಿತ ಹೊತ್ತು. ಯಾರ ಮಗಳಿಗೆ ಹೆರಿಗೆ, ಯಾರ ಮನೆಯಲ್ಲಿ ಜಗಳ, ಮುಂದಿನ ವಾರ ಯಾರು ಬರುವುದಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಾಗುತ್ತಿದ್ದುದು ಅಲ್ಲಿಯೇ.

ಧರ್ಮೇಂದ್ರನಿಗೆ ಅವನನ್ನು ಬೈಯಲು ಮನಸ್ಸಿಲ್ಲ. ಚಿಕ್ಕಂದಿನಲ್ಲಿ ಇದೇ ಕುಳ್ಳಯ್ಯನ ಹೆಗಲ ಮೇಲೆ ಕುಳಿತು ಊರು ಸುತ್ತಿದವನು. “ಕುಳ್ಳಯ್ಯಣ್ಣ, ಇನ್ಮೇಲೆ ಡ್ಯೂಟಿ ಹಾಕೋದು ಸಿಸ್ಟಮ್ ನೋಡ್ಕತದೆ. ನೀವು ಅದುನ್ನ ಮುಟ್ಟಬ್ಯಾಡಿ. ಸುಮ್ನೆ ಒಂದು ಸುತ್ತು ಓಗ್ಬುಟ್ಟು ಬನ್ನಿ, ಸಾಕು” ಎಂದ.

ಮನೆಯಲ್ಲಿ ಕುಳ್ಳಯ್ಯ ಎರಡು ದಿನ ಮಾತಾಡಲಿಲ್ಲ. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಎರಡು ಹಸು ಸಾಕಿದವಳು. ವಿಷಯ ಕೇಳಿ ಅವಳು ಸೆಗಣಿ ಬುಟ್ಟಿ ಕೆಳಗಿಟ್ಟಳು.

“ನಮ್ ಡೈರಿಲೂ ಮಿಷಿನ್ ಬಂತಲ್ಲ. ಹಾಲು ಅಳಿಯೋದು ಅದೇ, ಮೆಸೇಜ್ ಕಳ್ಸೋದು ಅದೇ. ಹಸ ಒದ್ದುದ್ರೆ ಒದಿಸ್ಕಳೋಳು ಮಾತ್ರ ನಾನೇ. ಅದುಕ್ಕೇನು ಮಾತು ಬುಟ್ಟು ಕುಂತಿದ್ದೀನಾ?”

“ನಿಂಗೆ ಯಾರೂ ಹಸ ಮುಟ್ಟಬ್ಯಾಡ ಅನ್ನಿಲ್ವಲ್ಲ” ಎಂದ ಕುಳ್ಳಯ್ಯ. ಅವಳು ಕೈ ತೊಳೆದು ಒಳಗೆ ಹೋದಳು. ಅವನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಆಮೇಲೆ ನಿಂಗರಾಜುವಿನ ಬೀಗರೂಟ ಬಂತು. ನಿಂಗರಾಜು ಎಳನೀರು ಕಂಪನಿಯ ಹದಿಮೂರು ಕಾವಲುಗಾರರಲ್ಲಿ ಒಬ್ಬ. ಅವನ ಮಗಳ ಮದುವೆ ಮುಗಿದು ಬುಧವಾರ ಬೀಗರಿಗೆ ಊಟ. ಊರಿನವರೇ ಆದ ಉಳಿದ ಹನ್ನೆರಡು ಜನರಲ್ಲಿ ಒಬ್ಬ ತಮ್ಮ, ಇಬ್ಬರು ಭಾವಂದಿರು, ಮಿಕ್ಕವರು ದಾಯಾದಿಗಳು. ಹದಿಮೂರು ಜನರೂ ಹದಿನೈದು ದಿನ ಮೊದಲೇ ಮೊಬೈಲಿನಲ್ಲಿ ರಜೆ ಕೇಳಿದರು. ಒಂದು ಗೇಟಿನಿಂದ ಒಂದೇ ದಿನ ಇಬ್ಬರಿಗಿಂತ ಹೆಚ್ಚು ಜನರಿಗೆ ರಜೆ ಕೊಡುವುದು ಸಾಫ್ಟ್‌ವೇರಿಗೆ ಬರುವುದಿಲ್ಲ. ಎಲ್ಲರನ್ನೂ ಸಮನಾಗಿ ಕಂಡು ಅದು ಹದಿಮೂರನ್ನೂ ತಿರಸ್ಕರಿಸಿತು.

ಕುಳ್ಳಯ್ಯ ಇದನ್ನು ಧರ್ಮೇಂದ್ರನಿಗೆ ತಿಳಿಸಿದ. ಆ ಬುಧವಾರವೇ ಬೆಂಗಳೂರಿನಿಂದ ಕಂಪನಿಯ ಇಬ್ಬರು ಅಧಿಕಾರಿಗಳು ಹೊಸ ವ್ಯವಸ್ಥೆ ನೋಡಲು ಬರುವವರಿದ್ದರು.

“ಸಿಸ್ಟಮ್ ರಿಜೆಕ್ಟ್ ಮಾಡದಲ್ಲಣ್ಣ. ರಜ ಇಲ್ಲ ಅಂದ್ಮೇಲೆ ಬತ್ತಾರೆ ಬುಡಿ” ಎಂದ ಧರ್ಮೇಂದ್ರ.

“ಬೀಗರೂಟ ಸಾ. ಐದು ಮರಿ ಕುಯ್ತಾವ್ರೆ.”

“ಸಿಸ್ಟಮ್ ಬದ್ಲಿ ಆಳು ಕಳಿಸ್ತದೆ. ನೀವು ತಲೆ ಕೆಡಿಸ್ಕಬ್ಯಾಡಿ.”

ತಲೆ ಕೆಡಿಸಿಕೊಳ್ಳಬೇಡಿ ಎಂದ ಮೇಲೆ ಕುಳ್ಳಯ್ಯ ಬುಧವಾರ ಒಗೆದ ಪಂಚೆ ಉಟ್ಟು ಬೀಗರೂಟಕ್ಕೆ ಹೋದ. ಅವನನ್ನೂ ಕರೆದಿದ್ದರು.

ಹನ್ನೆರಡೂವರೆಗೆ ಮೊದಲ ಪಂಕ್ತಿ ಕುಳಿತಿತು. ಮುದ್ದೆ ಬಿದ್ದು ಸಾರು ಬರುವ ಹೊತ್ತಿಗೆ ಸಾಲಿನ ಉದ್ದಕ್ಕೂ ಮೊಬೈಲುಗಳು ಒಟ್ಟಿಗೇ ಗುಂಯ್‌ಗುಟ್ಟಿದವು. ಗೇಟಿನಲ್ಲಿ ಜನವಿಲ್ಲದ್ದನ್ನು ಕಂಡ ಸಾಫ್ಟ್‌ವೇರು ಬದಲಿ ಆಳುಗಳನ್ನು ಹುಡುಕುತ್ತಿತ್ತು. ಆ ಗೇಟಿನ ಕೆಲಸ ಬಲ್ಲವರು, ಸದ್ಯ ಡ್ಯೂಟಿಯಲ್ಲಿ ಇಲ್ಲದವರು ಯಾರು ಎಂದು ಅದು ತನ್ನ ಪಟ್ಟಿಯನ್ನೆಲ್ಲ ಜಾಲಾಡಿ ಹದಿಮೂರು ಜನರನ್ನು ಆರಿಸಿತ್ತು. ಅವರೇ ಈ ಹದಿಮೂರು ಜನ.

“ಏನಂತ್ಲಾ ಇದು?” ಎಂದ ನಿಂಗರಾಜುವಿನ ತಮ್ಮ.

“ತುರ್ತಾಗಿ ಗೇಟ್ಗೆ ಬತ್ತೀಯಾ ಅಂತ ಕೇಳ್ತಾ ಅದೆ.”

“ಬತ್ತೀನಿ ಅಂತ ಒತ್ಬುಡು, ಸುಮ್ಕಾಯ್ತದೆ.”

ಹದಿಮೂರು ಜನರೂ ಎಡಗೈ ಹೆಬ್ಬೆರಳಿನಿಂದ ಒತ್ತಿದರು. ಮೊಬೈಲುಗಳು ಸುಮ್ಮನಾದವು. ಸಾರು ಬಂತು.

ಅತ್ತ ಕೆ.ಆರ್. ಪೇಟೆಯಲ್ಲಿ ಧರ್ಮೇಂದ್ರ ಅಧಿಕಾರಿಗಳಿಗೆ ಪರದೆಯ ಮೇಲೆ ಹದಿಮೂರು ಕೆಂಪು ಚುಕ್ಕಿಗಳು ಒಂದೊಂದಾಗಿ ಹಳದಿಯಾಗುವುದನ್ನು ತೋರಿಸುತ್ತಿದ್ದ. ಪ್ರತಿ ಹೆಸರಿನ ಮುಂದೆಯೂ ‘ದಾರಿಯಲ್ಲಿದ್ದಾರೆ’ ಎಂದು ಬಂತು. ನಾಲ್ಕು ನಿಮಿಷ ಕೂಡ ಆಗಿರಲಿಲ್ಲ. ಅಧಿಕಾರಿಗಳು ತಲೆದೂಗಿದರು. ಅಷ್ಟರಲ್ಲಿ ಎಳನೀರಿನ ಲಾರಿಯೊಂದು ಬಂದು ಹಾರನ್ನು ಹೊಡೆಯತೊಡಗಿತು. ಗೇಟು ತೆಗೆಯಲು ಯಾರೂ ಇಲ್ಲದ್ದರಿಂದ ಕೂಲಿಂಗ್ ಗ್ಲಾಸು ಹಣೆಗೇರಿಸಿಕೊಂಡು ಧರ್ಮೇಂದ್ರನೇ ಹೋಗಿ ತೆಗೆದ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಲಾರಿಗಳಿಗೆ ತೆಗೆದ. ಹದಿಮೂರೂ ಚುಕ್ಕಿಗಳು ಆಗಲೂ ದಾರಿಯಲ್ಲೇ ಇದ್ದವು. ಕೊನೆಗೆ ಗೇಟಿನ ಮರೆಗೆ ಹೋಗಿ ಅವನು ಕುಳ್ಳಯ್ಯನಿಗೆ ಫೋನು ಮಾಡಿದ.

“ಕುಳ್ಳಯ್ಯಣ್ಣ, ಎಲ್ಲಾ ದಾರೀಲವ್ರೆ ಅಂತ ತೋರಿಸ್ತದೆ, ಒಬ್ನೂ ಬಂದಿಲ್ವಲ್ಲಣ್ಣ. ಎಲ್ಲವ್ರೆ ಒಸಿ ವಿಚಾರ್ಸಿ.”

“ವಿಚಾರ್ಸೋದೇನ್ ಬಂತು ಸಾ. ನನ್ನೆದುರ್ಗೇ ಸಾಲಾಗಿ ಕುಂತವ್ರೆ. ಎರಡ್ನೇ ಮುದ್ದೆ ನಡೀತಾ ಅದೆ.”

ಆ ಕಡೆ ಇನ್ನೊಂದು ಲಾರಿ ಹಾರನ್ನು ಹೊಡೆಯಿತು. ಆಮೇಲೆ, “ಏನಾರ ಮಾಡಣ್ಣ” ಎಂದ ಧರ್ಮೇಂದ್ರ.

“ಮುಟ್ಟಬ್ಯಾಡ ಅಂದಿದ್ರಿ.”

“ಮುಟ್ಟಣ್ಣ. ಕೈ ಮುಗೀತೀನಿ, ಮುಟ್ಟು.”

ಕುಳ್ಳಯ್ಯ ಕೈ ತೊಳೆದು ಬಂದು, ಹಲಸಿನ ಮರದ ಕೆಳಗೆ ನಿಂತು ಕರಿಯಪ್ಪನಿಗೆ ಫೋನು ಮಾಡಿದ. ಹೆಚ್ಚು ಮಾತಾಡಲಿಲ್ಲ. “ಅಣ್ಣಾ, ಬಟ್ಟೆ ಇಸ್ತ್ರಿ ಆಗದಾ?” ಎಂದ.

“ಮಡ್ಕೆ ಸೈತ ಕೆಟ್ಟಿಲ್ಲ. ಎಲ್ಗೆ ಬರ್ಬೇಕೇಳು.”

ಅರ್ಧ ಗಂಟೆಯೊಳಗೆ ಆರೂ ಜನ ಗೇಟಿನಲ್ಲಿದ್ದರು. ಇಬ್ಬರು ಸೈಕಲ್ಲಿನಲ್ಲಿ ಬಂದರು. ಒಬ್ಬ ಸಂತೆಯಿಂದ ನೇರವಾಗಿ ಬಂದು ಬದನೆಕಾಯಿಯ ಚೀಲವನ್ನು ಕಾವಲು ಕೋಣೆಯಲ್ಲಿಟ್ಟು ಷರ್ಟು ಬದಲಿಸಿಕೊಂಡ. ಅಧಿಕಾರಿಗಳು ಒಳಗಿನಿಂದ ಹೊರಬಂದಾಗ ಕರಿಯಪ್ಪ ಹವಾಲ್ದಾರರು ಕಲಿಸಿದ ಸಲ್ಯೂಟನ್ನು ಹೊಡೆದ. ಅವನ ಬೂಟಿನ ಸದ್ದಿಗೆ ಒಬ್ಬ ಅಧಿಕಾರಿ ತಾನೂ ನೆಟ್ಟಗೆ ನಿಂತುಬಿಟ್ಟರು. ಆಮೇಲೆ ಕೈಯಲ್ಲಿದ್ದ ಪರದೆ ನೋಡಿದರು. ಅಲ್ಲಿ ಗೇಟು ಖಾಲಿ ಇತ್ತು.

“ನೀವು ಯಾರು? ಇದರಲ್ಲಿ ನೀವು ಇಲ್ವಲ್ಲ?” ಎಂದರು.

“ಅದ್ರಲ್ಲಿಲ್ಲ ಸಾ, ಇಲ್ಲಿವ್ನಿ” ಎಂದ ಕರಿಯಪ್ಪ.

ಸಂಜೆ ಅಧಿಕಾರಿಗಳು ಹೊರಟ ಮೇಲೆ ಧರ್ಮೇಂದ್ರ ನಾಗಮಂಗಲದ ದಾರಿ ಹಿಡಿದು ಬೀಗರೂಟದ ಮನೆಗೇ ಬಂದ. ಬೈಯಲು ಬಂದನೆಂದು ಹದಿಮೂರು ಜನರೂ ಎದ್ದು ನಿಂತರು. ನಿಂಗರಾಜು ಎಲೆ ಹಾಕಿಸಿದ. ಬೆಳಗಿನಿಂದ ಏನೂ ತಿಂದಿರದ ಧರ್ಮೇಂದ್ರ ತಲೆ ಬಗ್ಗಿಸಿ ಉಂಡ. ಹೊರಡುವಾಗ ಕುಳ್ಳಯ್ಯನ ಪಕ್ಕ ನಿಂತು, “ನೀವು ಮುಂಚೇನೇ ಏಳಿದ್ರಿ” ಎಂದಷ್ಟೇ ಹೇಳಿದ.

ಮರುವಾರ ಸ್ನೇಹ ಪಾಂಡವಪುರಕ್ಕೆ ಬಂದಳು. ನಡೆದದ್ದನ್ನೆಲ್ಲ ಕೇಳಿ ಮೊದಲು ನಕ್ಕಳು, ಆಮೇಲೆ ಪೆಚ್ಚಾದಳು. ಅರವತ್ತರ ಗೆರೆಯನ್ನು ಅಳಿಸುವುದು ಅವಳ ಕೈಯಲ್ಲಿರಲಿಲ್ಲ. ಆದರೆ ಡ್ಯೂಟಿಯನ್ನು ತಾನೇ ಹಾಕುವ ಸಾಫ್ಟ್‌ವೇರಿನ ಚಾಳಿಯನ್ನು ನಿಲ್ಲಿಸಲು ಒಂದು ಗುಂಡಿ ಇತ್ತು. ಅದನ್ನು ಅವಳು ಕುಳ್ಳಯ್ಯನಿಂದಲೇ ಒತ್ತಿಸಿದಳು. ಅಂದಿನಿಂದ ಬೆಳಿಗ್ಗೆ ಅವನು ಫೋನಿನಲ್ಲಿ ಎಲ್ಲರೊಡನೆ ಮಾತಾಡಿ ಪಟ್ಟಿ ಹೇಳುತ್ತಾನೆ, ಧರ್ಮೇಂದ್ರ ಕುಳಿತು ಟೈಪು ಮಾಡುತ್ತಾನೆ. ಆರು ಜನ ಹಿರಿಯರು ಹಳೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಮತ್ತೆ ಗೇಟುಗಳಲ್ಲಿ ನಿಲ್ಲುತ್ತಿದ್ದಾರೆ.

ತಿಂಗಳ ಕೊನೆಗೆ ಎಳನೀರು ಕಂಪನಿಯ ಬೆಂಗಳೂರು ಕಚೇರಿಯಿಂದ ಕಾಗದ ಬಂತು. ಗೇಟು ನೋಡಿ ಹೋದ ಅಧಿಕಾರಿಗಳು ಏನು ಬರೆದಿದ್ದರೋ ಗೊತ್ತಿಲ್ಲ. ಕಾಗದವನ್ನು ಬರೆದವರು ಪರದೆಯ ಅಂಕಿಅಂಶ ನೋಡಿ ಬರೆದಿದ್ದರು. ಹದಿಮೂರು ಕಾವಲುಗಾರರು ಏಕಕಾಲಕ್ಕೆ ಗೈರಾದಾಗಲೂ ನಾಲ್ಕೇ ನಿಮಿಷಗಳಲ್ಲಿ ಅಷ್ಟೇ ಸಂಖ್ಯೆಯ ಬದಲಿ ಸಿಬ್ಬಂದಿಯನ್ನು ಒಪ್ಪಿಸಿದ ಈ ತಂತ್ರಾಂಶ ಇಡೀ ರಾಜ್ಯಕ್ಕೆ ಮಾದರಿ, ಇದನ್ನು ತಮ್ಮ ಉಳಿದ ಹನ್ನೊಂದು ಘಟಕಗಳಿಗೂ ಅಳವಡಿಸಲಾಗುವುದು ಎಂದಿತ್ತು. ಧರ್ಮೇಂದ್ರ ಅದನ್ನು ಗಟ್ಟಿಯಾಗಿ ಓದಿದ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು.

ಕುಳ್ಳಯ್ಯ ಪೂರ್ತಿ ಕೇಳಿಸಿಕೊಂಡ.

“ಒಳ್ಳೇದಾಯ್ತು ಬುಡಿ ಸಾ” ಎಂದು ಟೋಪಿ ಇಟ್ಟುಕೊಂಡ. ನಾಗಮಂಗಲದ ಗೋಡೌನಿನವನಿಗೆ ಜ್ವರ ಬಂದಿತ್ತು. ಎರಡು ಗಂಟೆಯೊಳಗೆ ಅಲ್ಲಿಗೆ ಒಬ್ಬನನ್ನು ಹೊಂದಿಸಬೇಕಾಗಿತ್ತು.